ಚಾರ್ಜ್ ಮಾಡಿದ ಪ್ಲಾಸ್ಟಿಕ್ ಫಿಲ್ಮ್ ಬೆಳಗಾಗುವಷ್ಟರಲ್ಲಿ ಖಾಲಿ ಆಗುತ್ತಿದೆ, 30 ಕಿಲೋವೋಲ್ಟ್ ಪವರ್ ಸಪ್ಲೈ ತರಲೇ?

ತರಬೇಡಿ. ಇದೇ ಮಾತು ಕಟ್ಟಿಕೊಂಡು ಧಣಿಯ ಕೈಯಿಂದ ದುಡ್ಡು ಬಿಚ್ಚಿಸಿದವನು ನಾನು.

ಮುಂಬೈ ಹತ್ತಿರದ ವಸಾಯಿಯಲ್ಲಿ ಗಾಳಿಯ ಫಿಲ್ಟರ್ ಮಾಡುವ ಸಣ್ಣ ವರ್ಕ್‌ಶಾಪು, ಜುಲೈ ತಿಂಗಳ ಮಳೆ. ಅರ್ಥ್ ಮಾಡಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಹಾಳೆ ಹಾಸಿ, ಅದು ಧೂಳು ಸೆಳೆಯಲೆಂದು ಸೂಜಿಯಿಂದ ಕೊರೋನಾ (ಹೈವೋಲ್ಟೇಜ್ ಸೂಜಿಮೊನೆ ಗಾಳಿಗೆ ಬಿಡುವ ಚಾರ್ಜು) ಕೊಡುತ್ತಿದ್ದೆ. ಸಂಜೆ ಮೀಟರಿನಲ್ಲಿ 600 ವೋಲ್ಟ್, ಬೆಳಗ್ಗೆ 40. ಹೊಸ ಸಪ್ಲೈ ಬಂತು. ಸಂಜೆ 1100, ಬೆಳಗ್ಗೆ ಮತ್ತೆ ಅದೇ 40!

ಕಾರ್ಕಳದ ಸೂಪರ್‌ವೈಸರ್ ಒಬ್ಬರಿದ್ದರು. ಝೆರಾಕ್ಸ್ ಅಂಗಡಿಯಿಂದ ಚಿಟಿಕೆ ಟೋನರ್, ಅಂದರೆ ಕಪ್ಪು ಶಾಯಿಪುಡಿ, ತಂದು ಹಾಳೆಯ ಮೇಲೆ ಉದುರಿಸಿ, ಮೆಲ್ಲಗೆ ಊದಿದರು. (1777ರಲ್ಲಿ ಜರ್ಮನ್ ಭೌತವಿಜ್ಞಾನಿ ಲಿಖ್ಟೆನ್‌ಬರ್ಗ್ ಚಾರ್ಜಾದ ರಾಳದ ತಟ್ಟೆಯ ಮೇಲೆ ಆಡಿದ್ದೂ ಈ ಪುಡಿಯಾಟವೇ.) ಮೂಲೆಗಳಲ್ಲಿ ಕಪ್ಪು ಹಿಡಿದು ನಿಂತಿತು. ನಡುವೆ, ಮೀಟರ್ ಇಡುತ್ತಿದ್ದ ಜಾಗದಲ್ಲೇ, ಅಂಚಿನವರೆಗೆ ಬೋಳು ಪಟ್ಟಿ. ನಾಲ್ಕು ಬೆರಳು, ಒಂದು ಅಂಗೈ.

"ಎಂಥ ಮಾರಾಯಾ, ವಡಾಪಾವ್ ತಿಂದ ಕೈಯಲ್ಲಿ ಸವರಿದ್ದಾ?"

ಹೌದು. ಸುಕ್ಕು ಹೋಗಲೆಂದು ಚಾರ್ಜ್ ಮಾಡುವ ಮೊದಲು ಪ್ರತಿ ಹಾಳೆಯನ್ನೂ ಬರಿಗೈಯಲ್ಲಿ ಸವರುತ್ತಿದ್ದೆ. ಲೋಹದಲ್ಲಿ ಚಾರ್ಜು ಓಡಾಡುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಬಿದ್ದಲ್ಲೇ ಸಿಕ್ಕಿಕೊಂಡು ಕೂರುತ್ತದೆ, ಪಕ್ಕದ ಜಾಗ ಖಾಲಿಯಾದರೂ ಅಲ್ಲಿಗೆ ಹರಿಯುವುದಿಲ್ಲ. ಅದಕ್ಕೇ ಮೂಲೆಗಳು ಉಳಿದವು. ಆದರೆ ಬೆವರಿನ ಉಪ್ಪು ಮಳೆಗಾಲದ ತೇವ ಎಳೆದುಕೊಂಡರೆ ಮೇಲ್ಮೈ ಮೇಲೆ ಕಣ್ಣಿಗೆ ಕಾಣದ ತಂತಿ ಎಳೆದ ಹಾಗೆ. ನನ್ನ ಅಂಗೈ ಅಂಚಿನವರೆಗೆ ಹೋಗುತ್ತಿತ್ತಲ್ಲ, ಅಲ್ಲಿಂದ ಕೆಳಗಿನ ತಟ್ಟೆಗೆ ದಾರಿ. ರಾತ್ರಿಯಿಡೀ ಸೋರಿಕೆ. ಹಾಳೆಯೊಳಗಿನಿಂದ ಸೋರಿದ್ದು ನಗಣ್ಯ. ಮೂರು ವಾರ ನಾನು ಅಳೆದದ್ದು ನನ್ನದೇ ಕೈಯ ಕೊಳೆಯನ್ನು.

ವೋಲ್ಟೇಜ್ ಏರಿಸಿದರೆ ಹೆಚ್ಚು ಉಳಿಯುತ್ತದೆ ಎನ್ನುವ ನಿಮ್ಮ ಲೆಕ್ಕವೇ ಸರಿಯಿಲ್ಲ. ಹೆಚ್ಚಿಗೆ ಚಾರ್ಜ್ ಮಾಡಿದ ಹಾಳೆ ಕಡಿಮೆ ಮಾಡಿದ್ದಕ್ಕಿಂತ ಬೇಗ ಇಳಿದು, ಕೆಲವೊಮ್ಮೆ ಅದಕ್ಕಿಂತ ಕೆಳಗೂ ಹೋಗಬಹುದು; ಪಾಲಿಥೀನಿನಲ್ಲಿ ಇದನ್ನು ಜಪಾನಿನವರು 1967ರಲ್ಲೇ ತೋರಿಸಿದ್ದಾರೆ.

ಗ್ಲೌಸ್ ಹಾಕಿ, ಚಿಮಟದಲ್ಲಿ ಹಿಡಿಯಿರಿ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸುವುದಿದ್ದರೆ ಚಾರ್ಜ್ ಮಾಡುವ ಮೊದಲು, ಒಣಗಲು ಬಿಟ್ಟು. ಆಮೇಲೆ ಒರೆಸಿದಿರೋ, ಇದ್ದದ್ದೂ ಹೋಯಿತು. ಹಾಳೆಗಳನ್ನು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಮೊದಲು ಟೋನರ್ ಉದುರಿಸಿ ನೋಡಿ, ಫ್ಯಾನ್ ಮಾತ್ರ ಆಫ್ ಮಾಡಿರಿ. ನನ್ನ ಬಿಳಿ ಅಂಗಿ ಹೋದದ್ದು ಹಾಗೆ.