ಪುಟ್ಟಿ ಸಾಲಿನ ಮೊದಲ ಪದ ಯಾಕೆ ಬಿಡುತ್ತಾಳೆ?

ನಮಸ್ಕಾರ,

ನಿಮ್ಮ ಕತೆ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ. ಇದರೊಳಗೆ ಒಂದು ಒಳ್ಳೆಯ ಕತೆ ಇದೆ.

ಹೊಸನಗರದ ಕಡೆಯ ಹಳ್ಳಿ, ಮೂರನೇ ಕ್ಲಾಸಿನ ಪುಟ್ಟಿ. ಹುಟ್ಟುವಾಗಲೇ ಬಲಗೆನ್ನೆಯ ಮೇಲೆ ಕೆಂಪು ಮಚ್ಚೆ. ವರ್ಷ ತುಂಬುವ ಮೊದಲೇ ಫಿಟ್ಸ್. ಎಡಗೈಯಲ್ಲಿ ಬಲ ಕಡಿಮೆ. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋದಾಗ ಸ್ಟರ್ಜ್-ವೆಬರ್ ಸಿಂಡ್ರೋಮ್, ಅಂದರೆ ಮುಖದ ಚರ್ಮ, ಮಿದುಳು, ಕಣ್ಣಿನ ರಕ್ತನಾಳಗಳಿಗೆ ಸಂಬಂಧಿಸಿದ ಹುಟ್ಟುರೋಗ ಅಂತ ಗೊತ್ತಾಗುತ್ತದೆ. ಶಾಲೆಯಲ್ಲಿ ಹಿಂದೆ ಬೀಳುತ್ತಾಳೆ. ಕೊನೆಗೆ ಅಜ್ಜಿ ಮಾತ್ರೆ ನಿಲ್ಲಿಸಿ ಕಷಾಯ ಕೊಡುತ್ತಾಳೆ, ಪುಟ್ಟಿ ಚುರುಕಾಗಿ ಬಹುಮಾನ ಗೆಲ್ಲುತ್ತಾಳೆ.

ಮೊದಲು ಈ ಕೊನೆಯ ಬಗ್ಗೆಯೇ ಹೇಳಿಬಿಡುತ್ತೇನೆ. ಇದನ್ನು ನಾನು ಅಚ್ಚು ಮಾಡುವುದಿಲ್ಲ. ಫಿಟ್ಸ್ ಮಾತ್ರೆಯನ್ನು ದಿಢೀರ್ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು. ನಮ್ಮ ಓದುಗರಲ್ಲಿ ಇಂಥ ಮಗುವಿನ ತಾಯಿ ಒಬ್ಬಳಿದ್ದರೂ ಸಾಕು. ಆದರೆ ಅಜ್ಜಿಯ ಸಿಟ್ಟಿಗೆ ಕಾರಣ ಇದೆ. ಫಿನೋಬಾರ್ಬಿಟಾಲ್‌ನಂಥ ಹಳೆಯ ಮಾತ್ರೆಯಿಂದ ಕೆಲವು ಮಕ್ಕಳಿಗೆ ಮಂಪರು ಬರುತ್ತದೆ, ಕೆಲವರು ಸಿಡುಕುತ್ತಾರೆ, ಪಾಠದಲ್ಲಿ ಗಮನ ನಿಲ್ಲುವುದಿಲ್ಲ. ಮಾತ್ರೆ ಬಿಟ್ಟರೆ ಫಿಟ್ಸ್, ತಗೊಂಡರೆ ತೂಕಡಿಕೆ. ಈ ಇಕ್ಕಟ್ಟನ್ನು ತಾಯಿ ಡಾಕ್ಟರ ಮುಂದೆ ಹೇಳಲಿ, ಬೇರೆ ಮಾತ್ರೆ ಇದೆಯಾ ಅಂತ ಕೇಳಲಿ. ಆ ಮಾತುಕತೆ ಬರೆಯಿರಿ. ಕಷಾಯದ ಪವಾಡಕ್ಕಿಂತ ಅದರಲ್ಲಿ ಕತೆ ಜಾಸ್ತಿ ಇದೆ.

ಎರಡನೆಯದು, ಮಚ್ಚೆಯ ಜಾಗ. ಬರೀ ಕೆನ್ನೆಯ ಮೇಲೆ ಮಚ್ಚೆ ಇದ್ದರೆ ಮಿದುಳಿನ ತೊಂದರೆ ಅಪರೂಪ. ಡಾಕ್ಟರು ಚಿಂತೆ ಮಾಡುವುದು ಅದು ಹಣೆ, ಮೇಲಿನ ರೆಪ್ಪೆಯ ಮೇಲಿದ್ದಾಗ. ಅಲ್ಲಿದ್ದರೂ ಎಲ್ಲ ಮಕ್ಕಳಿಗೂ ಈ ರೋಗ ಇರುವುದಿಲ್ಲ. ಮಚ್ಚೆ ಚರ್ಮದಿಂದ ಮಿದುಳಿಗೆ ಇಳಿಯಿತು ಅಂತಲೂ ಬರೆದಿದ್ದೀರಿ, ಹಾಗಲ್ಲ. ಎರಡಕ್ಕೂ ಮೂಲ ಒಂದೇ. ಮಗು ಹೊಟ್ಟೆಯಲ್ಲಿ ರೂಪುಗೊಳ್ಳುವಾಗ ಯಾವುದೋ ಒಂದು ಜೀವಕೋಶದಲ್ಲಿ ಜಿಎನ್‌ಎಕ್ಯೂ ಎಂಬ ಜೀನ್ ತಾನಾಗಿಯೇ ಬದಲಾಗುತ್ತದೆ. ಇದು ಪತ್ತೆಯಾದದ್ದು 2013ರಲ್ಲಿ. ಅಪ್ಪ ಅಮ್ಮನಿಂದ ಬಂದದ್ದಲ್ಲ.

ನಿಮ್ಮ ಡಾಕ್ಟರು ಆ ತಾಯಿಗೆ 1879ರಲ್ಲಿ ಸ್ಟರ್ಜ್, 1922ರಲ್ಲಿ ವೆಬರ್ ಅಂತ ಈ ರೋಗವನ್ನು ವಿವರಿಸಿದ ಡಾಕ್ಟರುಗಳ ಚರಿತ್ರೆ ಒಪ್ಪಿಸುತ್ತಾರೆ. ಯಾವ ಡಾಕ್ಟರೂ ಹಾಗೆ ಮಾತಾಡುವುದಿಲ್ಲ, ಅಲ್ವಾ? ಬದಲಿಗೆ ಈ ಜೀನಿನ ವಿಷಯ ಹೇಳಿಸಿ. ಯಾಕೆಂದರೆ ಗ್ರಹಣದ ದಿನ ಅಡಿಕೆ ಕತ್ತರಿಸಿದ್ದಕ್ಕೇ ಹೀಗಾಯಿತು ಅಂತ ಇಡೀ ಮನೆ ಆ ತಾಯಿಯನ್ನು ದೂರುತ್ತಿದೆ. ನಿನ್ನ ತಪ್ಪು ಏನೂ ಇಲ್ಲಮ್ಮ ಅನ್ನುವ ಮಾತು ಅವಳಿಗೆ ಅಲ್ಲಿ ಬೇಕು. ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಲೂ ಹೇಳಲಿ. ಈ ಮಕ್ಕಳಿಗೆ ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡ ಹೆಚ್ಚಿ ನೋಟ ಹಾಳಾಗುವ ರೋಗ, ಬರುವ ಭಯ ಇದೆ.

ಈಗ ನನಗೆ ನಿಜವಾಗಿ ಬೇಸರ ತಂದ ಜಾಗ. ರೋಗದ ಹೆಸರು ಬಂದದ್ದೇ ತಡ, 'ಅವಳ ಬುದ್ಧಿ ಬೆಳೆಯಲಿಲ್ಲ' ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿರಿ. ಅಲ್ಲಿಂದಾಚೆ ನೀವು ಪುಟ್ಟಿಯನ್ನು ನೋಡಲೇ ಇಲ್ಲ. ಈ ರೋಗದಲ್ಲಿ ಎಲ್ಲರ ಬುದ್ಧಿಯೂ ಒಂದೇ ಥರ ಇರುವುದಿಲ್ಲ. ಎಲ್ಲರಂತೆ ಓದಿ ಕೆಲಸಕ್ಕೆ ಸೇರುವವರಿದ್ದಾರೆ. ಜೀವನವಿಡೀ ಜೊತೆಗೆ ಒಬ್ಬರು ಬೇಕಾದವರೂ ಇದ್ದಾರೆ. ಫಿಟ್ಸ್ ಎಷ್ಟು ಬೇಗ ಶುರುವಾಯಿತು, ಎಷ್ಟು ಹತೋಟಿಗೆ ಬಂತು, ಮಿದುಳಿನ ಒಂದೇ ಕಡೆಯೋ ಎರಡೂ ಕಡೆಯೋ, ಇದೆಲ್ಲ ಲೆಕ್ಕಕ್ಕೆ ಬರುತ್ತದೆ. ಮಿದುಳಿನ ಹೊದಿಕೆಯಲ್ಲಿ ಬೇಡದ ಸಣ್ಣ ರಕ್ತನಾಳಗಳು ಹರಡಿ, ಅಲ್ಲಿ ರಕ್ತ ಸರಿಯಾಗಿ ಹರಿಯುವುದಿಲ್ಲ. ಫಿಟ್ಸ್ ಬಂದಾಗ ಆ ಭಾಗಕ್ಕೆ ಜಾಸ್ತಿ ಆಮ್ಲಜನಕ ಬೇಕು, ಸಿಗುವುದಿಲ್ಲ. ಅದಕ್ಕೇ ಒಂದು ಜ್ವರ, ಒಂದು ಫಿಟ್ಸ್ ಆದ ಮೇಲೆ ಕೈ ಕೆಲವು ದಿನ ಪೂರ್ತಿ ಸೋಲಬಹುದು. ನಿನ್ನೆ ಬಂದ ಮಗ್ಗಿ ಇವತ್ತು ಬಾರದೆ ಇರಬಹುದು. ನಿಮ್ಮ ಪುಟ್ಟಿ ಪ್ರತಿ ದಿನವೂ ಒಂದೇ ಅಳತೆಗೆ ಮಂಕಾಗಿದ್ದಾಳೆ. ಅದನ್ನು ನಂಬುವುದು ಕಷ್ಟ.

ಐದನೇ ಪುಟಕ್ಕೆ ಬನ್ನಿ. ಪುಟ್ಟಿ ಗಟ್ಟಿಯಾಗಿ ಪಾಠ ಓದುವಾಗ ಪ್ರತಿ ಸಾಲಿನ ಮೊದಲ ಪದ ಬಿಟ್ಟು ಓದುತ್ತಾಳೆ. ತಟ್ಟೆಯ ಎಡಗಡೆಯ ಪಲ್ಯ ಹಾಗೇ ಉಳಿಯುತ್ತದೆ. ಇದನ್ನು ಅವಳ ದಡ್ಡತನಕ್ಕೆ ಸಾಕ್ಷಿ ಅಂತ ಇಟ್ಟಿದ್ದೀರಿ. ಮಚ್ಚೆ ಬಲಕ್ಕೆ, ಸೋತದ್ದು ಎಡಗೈ, ಅಂದರೆ ಪೆಟ್ಟು ಬಿದ್ದಿರುವುದು ದೇಹದ ಎಡಗಡೆಯನ್ನು ನಡೆಸುವ ಮಿದುಳಿನ ಬಲಭಾಗಕ್ಕೆ. ಅದರ ಹಿಂಭಾಗಕ್ಕೆ ತೊಂದರೆಯಾದರೆ ಎರಡೂ ಕಣ್ಣಿಗೆ ಎಡಗಡೆಯ ನೋಟ ಹೋಗುತ್ತದೆ. ಕನ್ನಡದ ಸಾಲು ಶುರುವಾಗುವುದು ಎಡದಿಂದ. ಸಾಲು ಎಲ್ಲಿ ಶುರು ಅಂತಲೇ ಅವಳಿಗೆ ಕಾಣುತ್ತಿಲ್ಲ! ಓದಲು ಬರದವಳಲ್ಲ ಅವಳು.

ಈ ವಿವರ ನೀವು ಎಲ್ಲೋ ಕಣ್ಣಾರೆ ಕಂಡದ್ದೇ ಇರಬೇಕು. ಕಲ್ಪಿಸಿ ಬರೆದ ಹಾಗೆ ಕಾಣುವುದಿಲ್ಲ. ಕತೆ ಇರುವುದು ಇಲ್ಲೇ. ಪುಟ್ಟಿಗೆ ಓದು ಬರುತ್ತದೆ, ಅರ್ಧ ಪುಟ ಮಾತ್ರ ಕಾಣುತ್ತಿಲ್ಲ ಅಂತ ಯಾರಿಗೆ ಮೊದಲು ಹೊಳೆಯುತ್ತದೆ? ಮೇಷ್ಟ್ರಿಗಾ, ಅಣ್ಣನಿಗಾ? ಪುಸ್ತಕದ ಎಡ ಅಂಚಿಗೆ ಕೆಂಪು ಗೆರೆ ಎಳೆದು, ಗೆರೆ ಸಿಗುವ ತನಕ ಕಣ್ಣು ಹೊರಳಿಸು ಅಂತ ಕಲಿಸುತ್ತಾರೆ. ಕ್ಲಾಸಿನಲ್ಲಿ ಬೋರ್ಡು ಬಲಕ್ಕೆ ಬರುವಂತೆ ಎಡಗಡೆ ಕೂರಿಸುತ್ತಾರೆ. ಇಷ್ಟು ಮಾಡಿದರೆ ಎಲ್ಲ ಸರಿಹೋಗುವುದಿಲ್ಲ. ಲೆಕ್ಕ ಆಗಲೂ ಕಷ್ಟವಾಗಲಿ, ಪರೀಕ್ಷೆಯಲ್ಲಿ ಸಮಯ ಸಾಲದಿರಲಿ. ಬಹುಮಾನ ಬೇಡವೇ ಬೇಡ.

ಸಣ್ಣಪುಟ್ಟದ್ದು: ಆರಂಭದ ಮಳೆ, ಜಿಗಣೆ, ಹೆಂಚಿನ ಮನೆಯ ವರ್ಣನೆ ತೆಗೆಯಿರಿ. ಮಲೆನಾಡು ಅಂತ ಗೊತ್ತಾಗಲು ಘಾಟಿಯ ಪ್ರಯಾಣವೇ ಸಾಕು. ಫಿಟ್ಸ್ ಬಂದಾಗ ಮಾವ ಕೈಗೆ ಬೀಗದಕೈ ಹಿಡಿಸುವುದು ಇರಲಿ, ನಮ್ಮಲ್ಲಿ ಮಾಡುತ್ತಾರೆ. ಆದರೆ ಅದೇ ದೃಶ್ಯದಲ್ಲಿ ಯಾರಾದರೂ ಅವಳನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಲಿ, ಬಾಯಿಗೆ ಏನೂ ಹಾಕದಿರಲಿ.

ಐದನೇ ಪುಟದಿಂದಲೇ ಕತೆ ಶುರು ಮಾಡಿ ಮತ್ತೆ ಬರೆಯಿರಿ. ಅವಸರ ಬೇಡ. ಮುಗಿದ ಮೇಲೆ ನನ್ನ ಹೆಸರಿಗೇ ಕಳಿಸಿ, ನಾನೇ ಓದುತ್ತೇನೆ.

ಸಂಪಾದಕ, ಶಿವಮೊಗ್ಗ