ಕಿಲ್ಟ್ ಮಂಡಿ ಮೇಲಿರಬೇಕಾ, ಕೆಳಗಿರಬೇಕಾ?

ಗ್ಲಾಸ್ಗೋದಲ್ಲಿ ಸ್ನೇಹಿತನ ಮದುವೆಗೆ ಬಾಡಿಗೆ ಕಿಲ್ಟ್ (ಸ್ಕಾಟ್ಲೆಂಡಿನ ಗಂಡಸರು ಉಡುವ ನೆರಿಗೆಯ ಲಂಗ) ತಂದಿದ್ದೀರಿ, ಅದು ಮಂಡಿ ದಾಟಿ ಕೆಳಗಿಳಿಯುತ್ತಿದೆ, ಸೈಜ್ ತಪ್ಪಾಗಿದೆಯಾ ಅಂತ ಕೇಳಿದ್ದೀರಲ್ವಾ? ಮೊದಲು ಅದನ್ನು ಎಲ್ಲಿ ಕಟ್ಟಿದ್ದೀರಿ ನೋಡಿಕೊಳ್ಳಿ. ಬಹುಶಃ ಜೀನ್ಸ್ ಥರ ಸೊಂಟದ ಮೂಳೆ ಮೇಲೆ ಕೂರಿಸಿದ್ದೀರಿ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಅಂಗಡಿಯ ಅಜ್ಜ ಒಂದು ಮಾತೂ ಆಡದೆ ಬಕಲ್ ಬಿಚ್ಚಿ, ನಾಲ್ಕು ಬೆರಳು ಮೇಲೆತ್ತಿ ಮತ್ತೆ ಬಿಗಿದರು. ಸರಿಹೋಯಿತು!

ಸಾಂಪ್ರದಾಯಿಕ ಕಿಲ್ಟ್ ಹೊಕ್ಕುಳಿನ ಮಟ್ಟಕ್ಕೆ, ಇಲ್ಲಾ ಅದಕ್ಕಿಂತ ತುಸು ಮೇಲೆ ನಿಲ್ಲಬೇಕು. ಕೆಳಗಿನ ಅಂಚು ಮಂಡಿಚಿಪ್ಪಿನ ಮೇಲ್ತುದಿಗೋ ಹೆಚ್ಚೆಂದರೆ ನಡುವಿಗೋ ಬಂದರೆ ಸಾಕು. ಬೆನ್ನು ನೆಟ್ಟಗಿಟ್ಟು ನೆಲದ ಮೇಲೆ ಮಂಡಿಯೂರಿ ನೋಡಿ. ಅಂಚು ನೆಲದಿಂದ ಸುಮಾರು 1 ಇಂಚು ಮೇಲಿರಬೇಕು. ನೆಲಕ್ಕೆ ಬಿದ್ದು ಮುದುಡಿದರೆ ಉದ್ದ ಜಾಸ್ತಿ ಅಂತಲೇ ಅರ್ಥ. ಬಗ್ಗಿ ನೋಡಬೇಡಿ, ಬಗ್ಗಿದರೆ ಮುಂದೆ ಇಳಿದ ಹಾಗೆ ಕಾಣುತ್ತದೆ. ಬೇರೆಯವರಿಗೆ ನೋಡಲು ಹೇಳಿ.

ಮೇಲೆತ್ತಿ ಕಟ್ಟಿದ ಮೇಲೂ ಉದ್ದವಿದ್ದರೆ ಬೇರೆ ಸೈಜ್ ಕೇಳಿ. ಸುಮ್ನೆ ಮಡಚಿ ಹೊಲಿಸೋಕೆ ಹೋಗಬೇಡಿ. ಒಳ್ಳೆಯ ಕಿಲ್ಟಿನ ಕೆಳಗಿನ ಅಂಚು ಮಗ್ಗದಲ್ಲೇ ನೇಯ್ದ ಅಂಚು, ಪಂಚೆಗಿರುವ ಹಾಗೆ. ಅಲ್ಲಿ ಮಡಿಕೆ ಹಾಕಿದರೆ ಹಿಂದಿನ ನೆರಿಗೆ ದಪ್ಪಗಾಗಿ ಕೆಟ್ಟದಾಗಿ ಕಾಣುತ್ತದೆ. ಪೂರ್ತಿ ಕಿಲ್ಟಿಗೆ ಸುಮಾರು 8 ಗಜ ಉಣ್ಣೆ ಬಟ್ಟೆ ಹೋಗಿರುತ್ತದೆ, ಅದರಲ್ಲಿ ಹೆಚ್ಚಿನದು ನೆರಿಗೆಯಲ್ಲೇ ಕೂತಿರೋದು.

ಕಾಲುಚೀಲವನ್ನು ಮಂಡಿಚಿಪ್ಪಿನ ಕೆಳಗೆ ಎರಡು ಮೂರು ಬೆರಳು ಬಿಟ್ಟು ಮಡಚಿ. ಮಂಡಿ ಕಾಣಲೇಬೇಕು. ಚಳಿ ಆಗುತ್ತದೆ, ಏನೂ ಮಾಡೋಕಾಗಲ್ಲ.