ಆ ನೀಲಿ ಬಣ್ಣ ಎಲ್ಲಿಂದ ಬಂತು? – ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ನಮಸ್ಕಾರ.

ನಿಮ್ಮ ‘ಕಾಣದ್ದನ್ನು ಕಂಡವರು’ ಲೇಖನ ಓದಿದೆವು. ಗುರುತ್ವ ಮಸೂರದ ನೆರವಿನಿಂದ ಗೆಲಾಕ್ಸಿ ಗುಚ್ಛಗಳೊಳಗಿನ ಕಪ್ಪುದ್ರವ್ಯದ ನಕ್ಷೆ ಬಿಡಿಸುವುದು ನಿಮ್ಮ ವಿಷಯ. ಭಾರಿ ದ್ರವ್ಯರಾಶಿ ತನ್ನ ಹಿಂದಿನಿಂದ ಬರುವ ಬೆಳಕನ್ನು ಬಾಗಿಸುವುದೇ ಗುರುತ್ವ ಮಸೂರ; ಬೆಳಕು ಸೂಸದೆ ಗುರುತ್ವದಿಂದ ಮಾತ್ರ ತಿಳಿಯುವ ದ್ರವ್ಯವೇ ಕಪ್ಪುದ್ರವ್ಯ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ತಿದ್ದಿ ಬರೆದರೆ ಖಂಡಿತ ಬೇಕು.

ಮೊದಲು ಕತ್ತರಿ ಕೆಲಸ. ‘ಅನಂತ ಆಕಾಶ, ಅಗಮ್ಯ ರಹಸ್ಯ’ ಎಂದು ಹರಿಯುವ ಮೊದಲ ಎರಡು ಪ್ಯಾರಾ ತೆಗೆಯಿರಿ. ಸೂರ್ಯನ ಗುರುತ್ವ ಬೆಳಕನ್ನು ಬಾಗಿಸುವುದನ್ನು ಅಳೆದ 1919ರ ಗ್ರಹಣದ ಕತೆಯೂ ಅಷ್ಟುದ್ದ ಬೇಡ. ಸೂರ್ಯನ ಅಂಚು ಸವರಿ ಬರುವ ಬೆಳಕು 1.75 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್) ಬಾಗುತ್ತದೆ, ಅದು ನ್ಯೂಟನ್ ನಿಯಮದಿಂದ ಬರುವ ಉತ್ತರದ ಎರಡರಷ್ಟು ಎಂದರೆ ಸಾಕು. ಹಳೆಯ ಸೂತ್ರ ಬಳಸಿದ್ದರೆ ಗುಚ್ಛದ ತೂಕವೂ ಎರಡು ಪಟ್ಟು ತಪ್ಪಾಗುತ್ತಿತ್ತು ಎಂದು ಸೇರಿಸಿದರೆ ಆ ಸಂಖ್ಯೆಗೆ ಲೇಖನದಲ್ಲಿ ಕೆಲಸವೂ ಸಿಗುತ್ತದೆ. ಖಗೋಳವಿಜ್ಞಾನಿ ಫ್ರಿಟ್ಜ್ ಜ್ವಿಕಿಯ ಪ್ಯಾರಾ ಮಾತ್ರ ಚೆನ್ನಾಗಿದೆ. 1933ರಲ್ಲಿ ಕೋಮಾ ಗುಚ್ಛದ ಗೆಲಾಕ್ಸಿಗಳ ಓಟ ನೋಡಿ ಕಾಣದ ದ್ರವ್ಯ ಇರಬೇಕೆಂದವನೇ 1937ರಲ್ಲಿ ಗೆಲಾಕ್ಸಿಗಳು ಮಸೂರದಂತೆ ವರ್ತಿಸಬಲ್ಲವು ಎಂದೂ ಬರೆದ. ಲೇಖನ ಅಲ್ಲಿಂದಲೇ ಶುರುವಾಗಲಿ.

ಈಗ ದೊಡ್ಡ ತಪ್ಪು, ಡಿಕ್ಕಿಯಾದ ಎರಡು ಗುಚ್ಛಗಳ ಜೋಡಿಯಾದ ಬುಲೆಟ್ ಗುಚ್ಛದ ಬಗ್ಗೆ. ‘ಬುಲೆಟ್ ಗುಚ್ಛದ ಚಿತ್ರದಲ್ಲಿ ಕಪ್ಪುದ್ರವ್ಯವನ್ನು ಹಬಲ್ ನೀಲಿ ಬಣ್ಣದಲ್ಲಿ ಸೆರೆಹಿಡಿದಿದೆ’ ಎಂದಿದ್ದೀರಿ. ಯಾವ ದೂರದರ್ಶಕವೂ ಅದನ್ನು ಸೆರೆಹಿಡಿದಿಲ್ಲ. ಆ ಚಿತ್ರದಲ್ಲಿ ಮೂರು ಪದರಗಳಿವೆ. ಗೆಲಾಕ್ಸಿಗಳು ದೃಗ್ಗೋಚರ ಬೆಳಕಿನವು. ಗುಲಾಬಿ ಬಣ್ಣ ಚಂದ್ರಾ ದೂರದರ್ಶಕ ಕಂಡ ಕ್ಷ-ಕಿರಣ, ಅಂದರೆ ಬಿಸಿ ಅನಿಲ. ನೀಲಿ ಎನ್ನುವುದು ಗುಚ್ಛದ ಹಿಂದೆ, ಇನ್ನೂ ದೂರದಲ್ಲಿರುವ ಗೆಲಾಕ್ಸಿಗಳ ಆಕಾರ ಅಳೆದು ಲೆಕ್ಕ ಹಾಕಿ ಆಮೇಲೆ ಬಳಿದ ಬಣ್ಣ. ಅದೂ ಕಪ್ಪುದ್ರವ್ಯದ್ದಲ್ಲ, ಒಟ್ಟು ದ್ರವ್ಯರಾಶಿಯದು. ಮಸೂರಕ್ಕೆ ನಕ್ಷತ್ರ, ಅನಿಲ, ಕಪ್ಪುದ್ರವ್ಯ ಎಂಬ ಭೇದವಿಲ್ಲ; ಎಲ್ಲವನ್ನೂ ಕೂಡಿಸಿಯೇ ತೂಗುತ್ತದೆ. ಗುಚ್ಛದ ತೂಕದಲ್ಲಿ ನಕ್ಷತ್ರಗಳು ನೂರಕ್ಕೆ ಒಂದೆರಡು ಪಾಲು, ಬಿಸಿ ಅನಿಲ ಹತ್ತರಿಂದ ಹದಿನೈದು ಪಾಲು. ಇವೆರಡನ್ನೂ ಬೇರೆ ದಾರಿಯಿಂದ ಅಳೆದು ಕಳೆದ ಮೇಲೆ ಉಳಿಯುವುದೇ ನಿಮ್ಮ ಕಪ್ಪುದ್ರವ್ಯ. ಈ ವ್ಯವಕಲನ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಬುಲೆಟ್ ಗುಚ್ಛದ ಮಹತ್ವ ಇರುವುದೂ ಇಲ್ಲೇ. ಎರಡು ಗುಚ್ಛಗಳು ಡಿಕ್ಕಿಯಾದಾಗ ಅನಿಲ ಅನಿಲಕ್ಕೆ ತಾಗಿ ನಡುವೆ ಹಿಂದುಳಿಯಿತು, ಗೆಲಾಕ್ಸಿಗಳು ತೂರಿಕೊಂಡು ಮುಂದೆ ಹೋದವು. ಸಾಮಾನ್ಯ ದ್ರವ್ಯದಲ್ಲಿ ಹೆಚ್ಚಿನ ಪಾಲು ಅನಿಲ. ಹಾಗಾಗಿ ಕಪ್ಪುದ್ರವ್ಯ ಇಲ್ಲವೆಂದಾದರೆ ತೂಕದ ಶಿಖರ ಅನಿಲ ಇರುವಲ್ಲಿ ಇರಬೇಕಿತ್ತು. 2006ರ ಅಳತೆಯಲ್ಲಿ ಅದು ಗೆಲಾಕ್ಸಿಗಳಿರುವಲ್ಲಿ ಸಿಕ್ಕಿತು. ಈ ವಾದ ಬಿಟ್ಟು ಬರೀ ಬಣ್ಣ ವರ್ಣಿಸಿದರೆ ಓದುಗರಿಗೆ ಸಿಗುವುದು ಒಂದು ಅಲಂಕಾರದ ಚಿತ್ರ ಅಷ್ಟೇ.

‘ವಿಶ್ವದ ದ್ರವ್ಯದಲ್ಲಿ 95% ಕಪ್ಪುದ್ರವ್ಯ’ ಎಂಬುದೂ ತಪ್ಪು. ದ್ರವ್ಯದಲ್ಲಿ ಅದರ ಪಾಲು ಸುಮಾರು 85%. 95% ಬರುವುದು ವಿಶ್ವದ ಹಿಗ್ಗುವಿಕೆಯನ್ನು ಚುರುಕುಗೊಳಿಸುವ ಕಪ್ಪುಶಕ್ತಿಯನ್ನೂ ಸೇರಿಸಿ ವಿಶ್ವದ ಒಟ್ಟು ಶಕ್ತಿಯ ಲೆಕ್ಕ ಹಿಡಿದಾಗ.

ಭೂತಗನ್ನಡಿಯ ಹೋಲಿಕೆ ಕೈಬಿಡಿ. ಗಾಜಿನ ಮಸೂರದಲ್ಲಿ ನಡುವಿನಿಂದ ದೂರ ಸರಿದಷ್ಟೂ ಕಿರಣ ಹೆಚ್ಚು ಬಾಗುತ್ತದೆ, ಅದಕ್ಕೇ ಎಲ್ಲ ಕಿರಣಗಳೂ ಒಂದೆಡೆ ಕೂಡುತ್ತವೆ. ಒಂಟಿ ಕಾಯದ ಗುರುತ್ವದಲ್ಲಿ ಇದು ತಿರುಗುಮುರುಗು: ದೂರ ಹೋದಂತೆ ಬಾಗು ಕಡಿಮೆ. ನಾಭಿಬಿಂದು ಎನ್ನುವುದೇ ಇಲ್ಲ. ಹಿಂದಿನ ಗೆಲಾಕ್ಸಿಯ ಬಿಂಬ ಎಳೆದಂತಾಗಿ ಕಮಾನುಗಳೂ ಉಂಗುರಗಳೂ ಮೂಡುವುದು ಆ ಕಾರಣಕ್ಕೇ.

‘ಕಮಾನುಗಳನ್ನು ಅಳೆದರೆ ನಕ್ಷೆ ಸಿದ್ಧ’ ಎಂಬ ನಿಮ್ಮ ಒಂದೇ ವಾಕ್ಯದ ಜಾಗದಲ್ಲಿ ಇಡೀ ಲೇಖನ ಬರಬೇಕು. ಕಮಾನು ಸಿಗುವುದು ಗುಚ್ಛದ ನಟ್ಟನಡುವೆ ಮಾತ್ರ. ಒಂದು ಅಂದಾಜು ಕೊಡಿ: ಗುಚ್ಛದ ಗೆಲಾಕ್ಸಿಗಳ ವೇಗದ ಹರವು (ವೇಗಗಳು ಸರಾಸರಿಯಿಂದ ಆಚೀಚೆ ಎಷ್ಟು ಚದುರಿವೆ ಎಂಬುದು) ಸೆಕೆಂಡಿಗೆ 1000 ಕಿಲೋಮೀಟರ್ ಇದ್ದರೆ, ಮೂಲ, ಅಂದರೆ ಬೆಳಕು ಹೊರಟ ಗೆಲಾಕ್ಸಿ, ಬಹಳ ಹಿಂದಿದ್ದಾಗ, ಕಮಾನು ಕೇಂದ್ರದಿಂದ ಹೆಚ್ಚೆಂದರೆ 29 ಆರ್ಕ್‌ಸೆಕೆಂಡ್ ದೂರದಲ್ಲಿ ಮೂಡುತ್ತದೆ. ಮೂಲ ಹತ್ತಿರವಾದಂತೆ ಈ ಅಂತರ ಕುಗ್ಗುತ್ತದೆ. ಆದ್ದರಿಂದ ಕೆಂಪುಪಲ್ಲಟ (ಬೆಳಕು ಕೆಂಪಿನತ್ತ ಎಷ್ಟು ಸರಿದಿದೆ ಎಂಬ ಅಳತೆ; ಹೆಚ್ಚಿದಷ್ಟೂ ದೂರ) ಗೊತ್ತಿಲ್ಲದ ಕಮಾನಿನಿಂದ ತೂಕ ಹೇಳಲಾಗದು. ಏಬೆಲ್ 370 ಎಂಬ ಗುಚ್ಛದ ದೈತ್ಯ ಕಮಾನು ಮಸೂರದ್ದೇ ಎಂದು ಖಚಿತವಾದದ್ದೂ ರೋಹಿತ ತೆಗೆದ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದ ಮೇಲೆ: ಗುಚ್ಛದ ಕೆಂಪುಪಲ್ಲಟ 0.375, ಕಮಾನಿನದು 0.724. ಒಂದೇ ಮೂಲದ ಹಲವು ಬಿಂಬಗಳನ್ನು ಗುರುತಿಸುವಾಗಲೂ ಬಣ್ಣ ಮತ್ತು ಕೆಂಪುಪಲ್ಲಟ ಎರಡೂ ಹೊಂದಬೇಕು. ಸಂಬಂಧವಿಲ್ಲದ ಎರಡು ಬಿಂಬಗಳನ್ನು ಜೋಡಿ ಮಾಡಿದರೆ ಗುಚ್ಛದ ದ್ರವ್ಯದ ಗಣಿತ ಮಾದರಿ ಅದಕ್ಕೆ ಹೊಂದಿಕೊಳ್ಳಲು ಇಲ್ಲದ ಕಡೆ ದ್ರವ್ಯ ಇಟ್ಟುಕೊಳ್ಳುತ್ತದೆ.

ನಡುಭಾಗ ಬಿಟ್ಟು ಹೊರಗೆ ಬಂದರೆ ಕಣ್ಣಿಗೆ ಏನೂ ಕಾಣದು. ಹಿಂದಿನ ಗೆಲಾಕ್ಸಿಯ ಆಕಾರ ಕೆಲವೇ ಪ್ರತಿಶತ, ಉದಾಹರಣೆಗೆ 5%, ಅಂದರೆ 0.05, ಹಿಗ್ಗಿರುತ್ತದೆ. ಆದರೆ ಗೆಲಾಕ್ಸಿಗಳು ಹುಟ್ಟಿನಿಂದಲೇ ಗುಂಡಗಿಲ್ಲ. ಅವುಗಳ ಸಹಜ ಚಪ್ಪಟೆತನದ ಹರವು ಸುಮಾರು 0.3 (ಪೂರ್ತಿ ಗುಂಡಗಿದ್ದರೆ ಚಪ್ಪಟೆತನ ಸೊನ್ನೆ). ಒಂದನ್ನು ಅಳೆದರೆ ಏನೂ ತಿಳಿಯದು. ನೂರರ ಸರಾಸರಿ ತೆಗೆದರೆ ಗದ್ದಲ, ಅಂದರೆ ಈ ಸಹಜ ಏರುಪೇರು, 0.03ಕ್ಕೆ ಇಳಿಯುತ್ತದೆ, ನಾನೂರಕ್ಕೆ 0.015. ನೆಲದ ದೂರದರ್ಶಕಕ್ಕೆ ಬಳಸಬಹುದಾದ ಗೆಲಾಕ್ಸಿಗಳು ಒಂದು ಚದರ ಆರ್ಕ್‌ನಿಮಿಷದಲ್ಲಿ (60 ಆರ್ಕ್‌ಸೆಕೆಂಡ್ ಒಂದು ಆರ್ಕ್‌ನಿಮಿಷ) ಹತ್ತಿಪ್ಪತ್ತು ಸಿಗುತ್ತವೆ. ಇಪ್ಪತ್ತು ಎಂದೇ ಇಟ್ಟುಕೊಂಡರೂ ನೂರಕ್ಕೆ ಐದು ಚದರ ಆರ್ಕ್‌ನಿಮಿಷ ಬೇಕು. ಕೆಂಪುಪಲ್ಲಟ 0.3ರ ಗುಚ್ಛದಲ್ಲಿ ಅದು ಸುಮಾರು 20 ಲಕ್ಷ ಜ್ಯೋತಿರ್ವರ್ಷ ಅಗಲದ ಒಂದು ಚುಕ್ಕೆ; ಅದಕ್ಕಿಂತ ಚಿಕ್ಕ ವಿವರ ನಕ್ಷೆಗೆ ಸಿಗದು. ‘ನಕ್ಷೆಯಲ್ಲಿ ಪ್ರತಿಯೊಂದು ವಿವರವೂ ಸ್ಪಷ್ಟ’ ಎಂಬ ನಿಮ್ಮ ಮಾತನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಹಬಲ್‌ಗೆ ಚದರ ಆರ್ಕ್‌ನಿಮಿಷಕ್ಕೆ ಐವತ್ತಕ್ಕೂ ಹೆಚ್ಚು ಗೆಲಾಕ್ಸಿ ಸಿಗುವುದರಿಂದ ಚುಕ್ಕೆ ಚಿಕ್ಕದಾಗುತ್ತದೆ.

ಕೆಡುವ ಕಡೆಗಳನ್ನೂ ಬರೆಯಿರಿ. ಈ ವಿದ್ಯೆಯ ಕಸುಬೆಲ್ಲ ಅಲ್ಲೇ ಇದೆ. ವಾತಾವರಣ ಮತ್ತು ದೂರದರ್ಶಕದ ದೃಕ್‌ವ್ಯವಸ್ಥೆ ಸೇರಿ ಪ್ರತಿ ಬಿಂಬವನ್ನೂ ಸ್ವಲ್ಪ ಕದಡುತ್ತವೆ, ಕೆಲವೊಮ್ಮೆ ಒಂದೇ ದಿಕ್ಕಿಗೆ ಎಳೆಯುತ್ತವೆ. ಎಳೆತವೂ ಕೆಲವೇ ಪ್ರತಿಶತ, ಹುಡುಕುತ್ತಿರುವ ಗುರುತಿನಷ್ಟೇ. ನಕ್ಷತ್ರಗಳು ಬಿಂದುಗಳಾದ್ದರಿಂದ ಅದೇ ಚಿತ್ರದ ನಕ್ಷತ್ರಗಳು ಹೇಗೆ ಕದಡಿವೆ ಎಂದು ನೋಡಿ ತಿದ್ದಬೇಕು. ಇನ್ನು ಗುಚ್ಛದ ಸ್ವಂತ ಗೆಲಾಕ್ಸಿಗಳು ಹಿಂದಿನವುಗಳ ಪಟ್ಟಿಗೆ ನುಸುಳಿದರೆ, ಅವು ವಿರೂಪಗೊಂಡಿರದ ಕಾರಣ ಸರಾಸರಿ ತೆಳುವಾಗುತ್ತದೆ. ಅವು ನಡುವೆಯೇ ದಟ್ಟವಾಗಿರುವುದರಿಂದ ತೂಕ ಕಡಿಮೆಯಾಗಿ ಕಾಣುವುದೂ ಅಲ್ಲೇ. ಹಲವು ಬಣ್ಣದ ಫಿಲ್ಟರ್‌ಗಳಲ್ಲಿ ಚಿತ್ರ ತೆಗೆದು ಅಂದಾಜು ದೂರ ಕಟ್ಟಿ ಅವನ್ನು ಹೊರಗಿಡುತ್ತಾರೆ. ಒಂದು ಸೊಗಸಾದ ತಪಾಸಣೆಯೂ ಇದೆ: ಪ್ರತಿ ಗೆಲಾಕ್ಸಿಯ ವಿರೂಪದ ದಿಕ್ಕನ್ನು 45 ಡಿಗ್ರಿ ತಿರುಗಿಸಿ ಮತ್ತೆ ನಕ್ಷೆ ಬಿಡಿಸುವುದು. ಗುರುತ್ವದಿಂದ ಅಂಥ ವಿರೂಪ ಹೆಚ್ಚುಕಡಿಮೆ ಬರುವುದೇ ಇಲ್ಲ. ಹಾಗಾಗಿ ಈ ನಕ್ಷೆಯಲ್ಲಿ ಬರೀ ಗದ್ದಲ ಇರಬೇಕು. ಗುಡ್ಡ ಕಂಡರೆ ತಿದ್ದುಪಡಿಯಲ್ಲಿ ದೋಷವಿದೆ.

ಆಕಾರಗಳಿಂದ ಕೈಸರ್ ಮತ್ತು ಸ್ಕ್ವೈರ್ಸ್ 1993ರಲ್ಲಿ ಕೊಟ್ಟ ವಿಧಾನದಂತೆ ದ್ರವ್ಯದ ಹರವು ಪಡೆಯಬಹುದು. ಗಣಿತ ಬರೆಯಬೇಡಿ, ಮಿತಿ ಬರೆಯಿರಿ. ಗುಚ್ಛದ ಸಾಂದ್ರತೆಯನ್ನು ಒಂದಿಷ್ಟು ತಗ್ಗಿಸಿ ಮೇಲೆ ಸಮನಾದ ದ್ರವ್ಯದ ಹಾಳೆಯೊಂದನ್ನು ಹೊದಿಸಿದರೂ ಆಕಾರಗಳು ಬದಲಾಗದೆ ಇರಬಹುದು. ನಕ್ಷೆಯ ಅಂಚಿನಲ್ಲಿ ಸಾಂದ್ರತೆ ಸೊನ್ನೆ ಎಂದು ಹಿಡಿಯುವುದು ರೂಢಿ. ಚಿತ್ರದ ವಿಸ್ತಾರ ಸಾಲದಿದ್ದರೆ ಅಂಚಿನಲ್ಲೂ ದ್ರವ್ಯವಿದ್ದು ಒಟ್ಟು ತೂಕ ಕಡಿಮೆ ಬರುತ್ತದೆ. ಜೊತೆಗೆ, ಇದು ಚಪ್ಪಟೆ ನಕ್ಷೆ. ನಮ್ಮತ್ತ ಉದ್ದಕ್ಕೆ ಚಾಚಿದ ಗುಚ್ಛ ಇರುವುದಕ್ಕಿಂತ ಭಾರವಾಗಿ ಕಾಣುತ್ತದೆ.

ಏಳು ಗುಚ್ಛಗಳ ಹೆಸರು ಹೇಳಿ ಓಡುವ ಬದಲು ಎರಡನ್ನು ಇಟ್ಟುಕೊಳ್ಳಿ. ಬುಲೆಟ್ ಒಂದು. ಇನ್ನೊಂದಕ್ಕೆ ನಮ್ಮ ಆಯ್ಕೆ ಮ್ಯಾಕ್ಸ್ ಜೆ1149 ಎಂಬ ಗುಚ್ಛ. 2014ರಲ್ಲಿ ಅದರ ಹಿಂದಿನ ಗೆಲಾಕ್ಸಿಯೊಂದರ ಸೂಪರ್‌ನೋವಾ, ಅಂದರೆ ಸಿಡಿದ ನಕ್ಷತ್ರ, ನಾಲ್ಕು ಬಿಂಬಗಳಾಗಿ ಕಂಡಿತು. ಅದಕ್ಕೆ ರೆಫ್ಸ್‌ಡಾಲ್ ಎಂದು ಹೆಸರಿಟ್ಟರು. ಪ್ರತಿ ಬಿಂಬದ ಬೆಳಕೂ ಬೇರೆ ದಾರಿ ಹಿಡಿದು ಬೇರೆ ಹೊತ್ತಿಗೆ ಮುಟ್ಟುತ್ತದೆ. ಗುಚ್ಛದ ದ್ರವ್ಯ ಹೀಗೆ ಹರಡಿದ್ದರೆ ಇನ್ನೊಂದು ಬಿಂಬ ಇಂಥ ಕಡೆ, ಇಷ್ಟು ಕಾಲದ ಮೇಲೆ ಬರಬೇಕೆಂದು ಹಲವು ತಂಡಗಳು ಮುಂಚೆಯೇ ಲೆಕ್ಕ ಪ್ರಕಟಿಸಿದವು. 2015ರ ಡಿಸೆಂಬರ್‌ನಲ್ಲಿ ಹಬಲ್ ಅದನ್ನು ಕಂಡಿತು. ನಿಮ್ಮ ಲೇಖನದಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ, ಬೆರಗಿಗೆ ಎರಡು ಪ್ಯಾರಾ ಇದೆ.

ಎಂಟುನೂರು ಪದ ಮೀರಬೇಡಿ. ಬುಲೆಟ್ ಚಿತ್ರ ಕಳಿಸುವುದಾದರೆ ಯಾವ ಬಣ್ಣ ಅಳತೆ, ಯಾವುದು ಲೆಕ್ಕ ಎಂದು ಅಡಿಬರಹದಲ್ಲೇ ಬರೆದು ಕಳಿಸಿ.